ಏಕಮುಖ ಪ್ರವಾಹವೂ ಪರ್ಯಾಯ ಪ್ರವಾಹವೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಾಗಲಿ, ದೊಡ್ಡ ನಾಲೆಯಾಗಲಿ ಇಲ್ಲ. ಕೆರೆಯ ಹಿಂದಿನ ಅಲ್ಪಸ್ವಲ್ಪ ಜಮೀನನ್ನು ಬಿಟ್ಟರೆ ದ್ರಾಕ್ಷಿಯ ತೋಟ, ಹಿಪ್ಪುನೇರಳೆ, ತರಕಾರಿ, ಹೂವು ಇವೆಲ್ಲವೂ ಕೊಳವೆಬಾವಿಯ ನೀರನ್ನೇ ನಂಬಿರುವುವು. ಕೊಳವೆಬಾವಿಯು ವಿದ್ಯುಚ್ಛಕ್ತಿಯನ್ನು ನಂಬಿರುವುದು. ಈಚೆಗೆ ಬಿಸಿಲಿನಿಂದ ನಡೆಯುವ ಪಂಪುಗಳು ಬಳಕೆಗೆ ಬಂದಮೇಲೆ, ಪಂಪನ್ನು ಕೊಳ್ಳಹೋದ ರೈತನನ್ನು ವ್ಯಾಪಾರಿಯು ಮೊದಲು ಕೇಳುವ ಪ್ರಶ್ನೆಯೆಂದರೆ “ಎ. ಸಿ. ಬೇಕೋ, ಡಿ. ಸಿ. ಬೇಕೋ?” ಎಂಬುದು. ಇದಕ್ಕೆ ಉತ್ತರ ಹೇಳಬೇಕಾದವರು ಬಹುಮಟ್ಟಿಗೆ ಬೆಲೆಯನ್ನು ನೋಡಿಯೋ, ನೆರೆಯ ಜಮೀನಿನವರು ಹಾಕಿಸಿದ್ದನ್ನು ನೋಡಿಯೋ ಉತ್ತರ ಹೇಳುವರು. ಲಕ್ಷಾಂತರ ರೂಪಾಯಿನ ವೆಚ್ಚವೂ, ಕೆಲವು ಸಂದರ್ಭಗಳಲ್ಲಿ ಮನುಷ್ಯರ ಪ್ರಾಣವೂ ಈ ಎರಡು ಅಕ್ಷರಗಳ ಭೇದವನ್ನು ಅವಲಂಬಿಸಿರುವುದರಿಂದ, ಆ ಭೇದವೇನೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ಸ್ವಲ್ಪ ವಿವರವಾಗಿ ತಿಳಿದಿರುವುದು ಉಚಿತ.

ಕೆರೆಯ ತೂಬನ್ನು ಎತ್ತಿದರೆ ನೀರು ಕಾಲುವೆಯಲ್ಲಿ ಒಂದೇ ಕಡೆಗೆ, ಅಂದರೆ ಎತ್ತರದಿಂದ ತಗ್ಗಿಗೆ ಹರಿಯುವುದಷ್ಟೆ. ಟ್ರಾಕ್ಟರಿನ ಬ್ಯಾಟರಿಯಿಂದ ಹೊರಡುವ ವಿದ್ಯುತ್ತೂ ಹೀಗೆಯೇ ಒಂದು ತುದಿಯಿಂದ ಹೊರಟು, ತಂತಿಯಲ್ಲಿ ಸುತ್ತಿ, ಇನ್ನೊಂದು ತುದಿಗೆ ಬಂದು ಸೇರುವುದು; ಅದರ ದಿಕ್ಕು ಎಂದಿಗೂ ಬದಲಾಗದು. ಇದೇ ಏಕಮುಖ ಪ್ರವಾಹ, ಅಂದರೆ ಡಿ. ಸಿ. ಟಾರ್ಚಿನ ಬ್ಯಾಟರಿ, ಮೊಬೈಲ್ ಫೋನಿನ ಬ್ಯಾಟರಿ, ಬಿಸಿಲಿನ ಫಲಕ ಇವುಗಳಿಂದ ದೊರೆಯತಕ್ಕದ್ದೆಲ್ಲವೂ ಈ ಜಾತಿಯದೇ. ಇಂಥಾ ವಸ್ತುಗಳಲ್ಲಿ ಧನ, ಋಣ ಎಂಬ ಎರಡು ತುದಿಗಳು ಗುರುತುಮಾಡಲ್ಪಟ್ಟಿರುವುದಕ್ಕೆ ಕಾರಣವೂ ಇದೇ.

ಪರ್ಯಾಯ ಪ್ರವಾಹವನ್ನು, ಅಂದರೆ ಎ. ಸಿ.ಯನ್ನು, ಕಾಲುವೆಯ ನೀರಿಗೆ ಹೋಲಿಸಲಾಗದು. ಅದಕ್ಕೆ ಮನೆಯಲ್ಲಿ ಮೊಸರು ಕಡೆಯುವ ಕಡೆಗೋಲೇ ತಕ್ಕ ಉಪಮಾನ. ಹಗ್ಗವನ್ನು ಒಮ್ಮೆ ಬಲಗೈ ಎಳೆದರೆ ಮತ್ತೊಮ್ಮೆ ಎಡಗೈ ಎಳೆಯುವುದು. ಹಗ್ಗವು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲಿಯೇ ಹಿಂದಕ್ಕೂ ಮುಂದಕ್ಕೂ ಆಡುವುದು. ಆದರೂ ಬೆಣ್ಣೆ ಬರುವುದು. ಮನೆಯ ತಂತಿಯಲ್ಲಿ ಇರುವ ವಿದ್ಯುತ್ಕಣಗಳು ಹೀಗೆಯೇ ಇದ್ದಲ್ಲಿಯೇ ಹಿಂದುಮುಂದಾಗಿ ಆಡುತ್ತಿರುವುವು. ಭಾರತದಲ್ಲಿ ಈ ಆಟವು ಸೆಕೆಂಡಿಗೆ ೫೦ ಆವರ್ತನೆಯಂತೆ ನಡೆಯುವುದು. ಒಂದೊಂದು ಆವರ್ತನೆಯಲ್ಲಿಯೂ ದಿಕ್ಕು ಎರಡು ಬಾರಿ ತಿರುಗುವುದರಿಂದ ಸೆಕೆಂಡಿಗೆ ನೂರು ಬಾರಿ ಪ್ರವಾಹವು ಸೊನ್ನೆಯಾಗಿ, ಮತ್ತೆ ಎದುರು ದಿಕ್ಕಿಗೆ ಏಳುವುದು. ಈ “ನೂರು ಬಾರಿ ಸೊನ್ನೆ” ಎಂಬ ಮಾತನ್ನು ನೆನಪಿನಲ್ಲಿಡತಕ್ಕದ್ದು. ಮುಂದೆ ಬೆಂಕಿಯ ಅಪಾಯವನ್ನು ಹೇಳುವಲ್ಲಿ ಇದರ ಪ್ರಯೋಜನ ಕಾಣುವುದು.

ಹೀಗೆ ಏಳುತ್ತಲೂ ಬೀಳುತ್ತಲೂ ಇರುವ ಒತ್ತಡವನ್ನು ೨೩೦ ವೋಲ್ಟು ಎಂದು ಒಂದೇ ಅಂಕಿಯಿಂದ ಹೇಳುವುದು ಹೇಗೆಂಬ ಸಂದೇಹ ಬರಬಹುದು. ೨೩೦ ವೋಲ್ಟಿನ ಏಕಮುಖ ಪ್ರವಾಹವು ಒಂದು ಒಲೆಯನ್ನು ಎಷ್ಟು ಕಾಯಿಸುವುದೋ ಅಷ್ಟನ್ನೇ ಕಾಯಿಸುವ ಪರ್ಯಾಯ ಪ್ರವಾಹಕ್ಕೆ ೨೩೦ ಎಂಬ ಹೆಸರು. ವಾಸ್ತವವಾಗಿ ಅದರ ಶಿಖರವು ಸುಮಾರು ೩೨೫ ವೋಲ್ಟಿನವರೆಗೆ ಏರುವುದು.

ಒಂದೇ ಕಡೆಗೆ ಹರಿಯುವುದು ಸರಳವಾಗಿರುವಾಗ, ಸರ್ಕಾರವೂ ಕಂಪನಿಗಳೂ ಈ ಕಡೆಗೋಲಿನ ತೊಡಕನ್ನು ಏಕೆ ಕಟ್ಟಿಕೊಂಡವೆಂದರೆ, ಅದರ ಉತ್ತರವು ಊರ ಹೊರಗೆ ಕಂಬದ ಮೇಲೆ ಕುಳಿತಿರುವ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಹಳ್ಳಿಯವರ ಮಾತಿನ ಟಿ. ಸಿ.ಯಲ್ಲಿ ಇದೆ. ಶಕ್ತಿಯೆಂಬುದು ಒತ್ತಡ, ಪ್ರವಾಹ ಇವೆರಡರ ಗುಣಲಬ್ಧ. ೪,೦೦೦ ವಾಟಿನ ಶಕ್ತಿಯನ್ನು ಒಂದು ಜೊತೆ ತಂತಿಯಲ್ಲಿ ಕಳುಹಿಸಬೇಕಾಗಿದೆಯೆಂದು ಭಾವಿಸೋಣ. ೪೦ ವೋಲ್ಟಿನಲ್ಲಿ ಕಳುಹಿಸಿದರೆ ೧೦೦ ಆಂಪಿಯರು ಹರಿಯಬೇಕು. ೪೦೦ ವೋಲ್ಟಿನಲ್ಲಿ ಕಳುಹಿಸಿದರೆ ೧೦ ಆಂಪಿಯರು ಸಾಕು. ತಂತಿಯು ಬಿಸಿಯಾಗಿ ನಷ್ಟವಾಗುವ ಶಕ್ತಿಯಾದರೋ ಪ್ರವಾಹದ ವರ್ಗಕ್ಕೆ ಅನುಸಾರವಾಗಿರುವುದು. ಆ ತಂತಿಯ ತಡೆಯು ಒಂದು ಓಮಿನ ಹತ್ತನೆಯ ಒಂದು ಭಾಗವಾಗಿದ್ದರೆ, ಮೊದಲನೆಯ ಪಕ್ಷದಲ್ಲಿ ೧,೦೦೦ ವಾಟು, ಅಂದರೆ ಕಳುಹಿಸಿದ್ದರಲ್ಲಿ ಕಾಲುಭಾಗ, ದಾರಿಯಲ್ಲಿಯೇ ಬೆಂದುಹೋಗುವುದು. ಎರಡನೆಯ ಪಕ್ಷದಲ್ಲಿ ೧೦ ವಾಟು ಮಾತ್ರ. ಒತ್ತಡವನ್ನು ಹತ್ತರಷ್ಟು ಮಾಡಿದರೆ ನಷ್ಟವು ನೂರರಲ್ಲಿ ಒಂದಾಗುವುದು.

ಆದುದರಿಂದ ದೂರಕ್ಕೆ ಒಯ್ಯುವಾಗ ಒತ್ತಡ ಬಹಳವಾಗಿರಬೇಕು. ಮನೆಗೂ ತೋಟಕ್ಕೂ ಬಂದಾಗ ಕಡಿಮೆಯಾಗಿರಬೇಕು. ಈ ಏರಿಳಿತವನ್ನು ಟ್ರಾನ್ಸ್‌ಫಾರ್ಮರು ಬಹಳ ಅಗ್ಗವಾಗಿ ನೆರವೇರಿಸುವುದು. ಅದರಲ್ಲಿ ಓಡುವ ಚಕ್ರವಿಲ್ಲ, ಸವೆಯುವ ಭಾಗವಿಲ್ಲ. ಕಬ್ಬಿಣದ ತಿರುಳಿಗೆ ಸುತ್ತಿದ ಎರಡು ಸುರುಳಿಗಳೂ ಎಣ್ಣೆಯೂ ಮಾತ್ರ. ಒಂದು ಸುರುಳಿಯ ಪ್ರವಾಹವು ಬದಲಾಗುತ್ತಿದ್ದರೆ ಮಾತ್ರ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಏಕಮುಖ ಪ್ರವಾಹವು ಬದಲಾಗುವುದೇ ಇಲ್ಲವಾದ್ದರಿಂದ ಅದಕ್ಕೆ ಟ್ರಾನ್ಸ್‌ಫಾರ್ಮರು ಕೆಲಸಮಾಡದು. ೧೧,೦೦೦ ವೋಲ್ಟಿನ ಲೈನು ಹಳ್ಳಿಯ ಟಿ. ಸಿ.ಯಲ್ಲಿ ಇಳಿದು ಪಂಪಿಗೆ ಸುಮಾರು ೪೦೦ ವೋಲ್ಟಾಗಿ ಬರುವುದು ಪರ್ಯಾಯ ಪ್ರವಾಹದ ಈ ಒಂದು ಗುಣದಿಂದಲೇ.

ಈ ತತ್ತ್ವವನ್ನು ಬಹಳ ಮುಂಚೆಯೇ ಕಾರ್ಯಕ್ಕೆ ತಂದ ಸೀಮೆಗಳಲ್ಲಿ ಮೈಸೂರೂ ಒಂದು. ಅಮೆರಿಕದಲ್ಲಿ ಎಡಿಸನ್ನನು ೧೮೮೨ರಲ್ಲಿ ನ್ಯೂಯಾರ್ಕಿನ ಒಂದು ಭಾಗಕ್ಕೆ ಏಕಮುಖ ಪ್ರವಾಹವನ್ನು ಒದಗಿಸಿದನು. ಅದು ಒಂದೆರಡು ಮೈಲಿಗಿಂತ ದೂರ ಹೋಗಲಾರದಾಯಿತು. ವೆಸ್ಟಿಂಗ್‌ಹೌಸನೂ ಟೆಸ್ಲಾನೂ ಪರ್ಯಾಯ ಪ್ರವಾಹದ ಪಕ್ಷವನ್ನು ಹಿಡಿದರು. ಕೆಲವು ವರ್ಷ ನಡೆದ ಆ ವಾದದಲ್ಲಿ ಯಾರ ಮಾತು ನಿಂತಿತೆಂಬುದನ್ನು ಕನ್ನಡ ನಾಡಿನವರು ಶಿವನಸಮುದ್ರದಲ್ಲಿ ಕಣ್ಣಾರೆ ಕಂಡರು. ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಉಪಕ್ರಮವಾದ ಆ ಕೆಲಸವು ಮುಗಿದು, ೧೯೦೨ನೆಯ ಜೂನ್ ತಿಂಗಳಲ್ಲಿ ಕಾವೇರಿಯ ಶಕ್ತಿಯು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ತಂತಿಯಲ್ಲಿದ್ದ ಒತ್ತಡ ಮೂವತ್ತು ಸಾವಿರ ವೋಲ್ಟಿಗೂ ಮೇಲೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಏಕಮುಖ ಪ್ರವಾಹವನ್ನೇ ನಂಬಿದ್ದರೆ ಈ ಶಕ್ತಿಯು ಜಲಪಾತದ ಆಸುಪಾಸಿನಲ್ಲಿಯೇ ಉಳಿಯುತ್ತಿತ್ತು.

ಶಿವನಸಮುದ್ರದ ವಿದ್ಯುತ್ತು ಆಗ ಸೆಕೆಂಡಿಗೆ ೨೫ ಆವರ್ತನೆಯದಾಗಿದ್ದಿತು, ಇಂದಿನದು ೫೦. ಇದು ಕೇವಲ ಚರಿತ್ರೆಯ ಸಂಗತಿಯಲ್ಲ. ಪರ್ಯಾಯ ಪ್ರವಾಹದ ಮೋಟಾರಿನ ವೇಗವು ಆವರ್ತನೆಯನ್ನೇ ಅನುಸರಿಸುವುದು. ಎರಡು ಧ್ರುವಗಳ ಮೋಟಾರು ೫೦ ಆವರ್ತನೆಯಲ್ಲಿ ನಿಮಿಷಕ್ಕೆ ೩,೦೦೦ ಸುತ್ತಿಗೆ ಸ್ವಲ್ಪ ಕಡಿಮೆಯಾಗಿ ತಿರುಗಿದರೆ, ೨೫ ಆವರ್ತನೆಯಲ್ಲಿ ಅದರ ಅರ್ಧದಷ್ಟೇ ತಿರುಗುವುದು. ಬಿಸಿಲಿನ ಪಂಪಿನ ನಿಯಂತ್ರಕವು ಮೋಡ ಕವಿದಾಗ ಆವರ್ತನೆಯನ್ನು ಇಳಿಸಿ ಮೋಟಾರನ್ನು ನಿಧಾನವಾಗಿ ನಡೆಸುವುದು ಈ ಉಪಾಯದಿಂದಲೇ.

ಇನ್ನು ಮೂರು ಫೇಸಿನ ವಿಚಾರ. ಗಾಣದ ನೊಗವನ್ನು ಮೂವರು ಆಳುಗಳು ಸುತ್ತಲೂ ಸಮದೂರದಲ್ಲಿ ನಿಂತು, ಒಬ್ಬರಾದಮೇಲೊಬ್ಬರು ಸರದಿಯಂತೆ ನೂಕಿದರೆ ಗಾಣವು ತಡೆಯಿಲ್ಲದೆ ಒಂದೇ ದಿಕ್ಕಿಗೆ ತಿರುಗುವುದು. ಮೂರು ತಂತಿಗಳಲ್ಲಿ ಒಂದರ ಹಿಂದೊಂದು ಏಳುವ ಮೂರು ಪರ್ಯಾಯ ಪ್ರವಾಹಗಳು ಮೋಟಾರಿನೊಳಗೆ ಇದೇ ಕೆಲಸವನ್ನು ಮಾಡುವುವು. ಒಂದೇ ಫೇಸು ಇದ್ದರೆ ಒಬ್ಬನೇ ಆಳು ನೊಗವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಂತೆ. ಗಾಣವು ತಾನಾಗಿ ಹೊರಡಲಾರದು, ಕಂಡೆನ್ಸರು ಎಂಬ ಸಹಾಯಕನು ಬೇಕಾಗುವುದು.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದು ಬಹಳ ಜನರಿಗೆ ತಿಳಿಯದೆ ನಷ್ಟವನ್ನುಂಟುಮಾಡುವುದು. ಮೂವರು ಆಳುಗಳಲ್ಲಿ ಇಬ್ಬರು ತಮ್ಮ ಸರದಿಯನ್ನು ಅದಲುಬದಲು ಮಾಡಿಕೊಂಡರೆ ಗಾಣವು ಹಿಂದುಮುಂದಾಗಿ ಸುತ್ತುವುದು. ಲೈನು ಕಡಿದಾಗ ಅಥವಾ ಟಿ. ಸಿ.ಯನ್ನು ಬದಲಾಯಿಸಿದಾಗ ಎರಡು ತಂತಿಗಳು ಅದಲುಬದಲಾಗಿ ಸೇರಿಸಲ್ಪಟ್ಟರೆ, ಆ ಟಿ. ಸಿ.ಯ ಕೆಳಗಿನ ಪಂಪುಗಳೆಲ್ಲವೂ ಎದುರು ದಿಕ್ಕಿಗೆ ತಿರುಗಲಾರಂಭಿಸುವುವು. ನೆಲದ ಮೇಲಿನ ಮೋಟಾರಾದರೆ ಕಣ್ಣಿಗೆ ಕಾಣುವುದು. ಎಂಟುನೂರು ಅಡಿಯ ಕೆಳಗೆ ನೀರಿನಲ್ಲಿ ಮುಳುಗಿರುವ ಮೋಟಾರು ಯಾವ ಕಡೆಗೆ ತಿರುಗುತ್ತಿದೆಯೆಂಬುದು ಯಾರಿಗೆ ಕಂಡೀತು? ನೀರು ಒಮ್ಮೆಗೇ ಸಣ್ಣಗಾಗುವುದು, ಅಥವಾ ಮೇಲಕ್ಕೆ ಬಾರದೆಯೇ ಹೋಗುವುದು. ಬಾವಿ ಬತ್ತಿತೆಂದು ತಿಳಿದು ಮತ್ತೊಂದು ಕೊಳವೆಬಾವಿಗೆ ಸಾಲಮಾಡುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಕಡಿಮೆಯಾದ ದಿನಕ್ಕೆ ಹಿಂದೆಯೇ ಲೈನಿನಲ್ಲಿ ಏನಾದರೂ ರಿಪೇರಿ ನಡೆಯಿತೆ? ನೆರೆಯವರ ಪಂಪುಗಳಲ್ಲಿಯೂ ಅದೇ ದಿನ ನೀರು ಇಳಿಯಿತೆ? ಹೌದಾದರೆ, ತಿಳಿದ ಕೆಲಸಗಾರನಿಂದ ವಿದ್ಯುತ್ತನ್ನು ಪೂರ್ತಿಯಾಗಿ ನಿಲ್ಲಿಸಿ ಸ್ಟಾರ್ಟರಿನಲ್ಲಿ ಮೂರರ ಪೈಕಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿಸಿ ನೋಡಬೇಕು. ಅರ್ಧ ಗಂಟೆಯ ಕೂಲಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರ ಅಡಿಯ ಬಾವಿಯ ಖರ್ಚನ್ನು ಮಾಡುವುದು ವಿವೇಕವಲ್ಲ.

ಎರಡನೆಯದು, ಮೂವರಲ್ಲಿ ಒಬ್ಬನು ಕೈಬಿಟ್ಟರೆ ಆಗತಕ್ಕದ್ದು. ಒಂದು ಫ್ಯೂಸು ಹೋದರೂ ತಿರುಗುತ್ತಿದ್ದ ಮೋಟಾರು ನಿಲ್ಲದೆ ಇರಬಹುದು. ಉಳಿದ ಎರಡು ತಂತಿಗಳೇ ಎಲ್ಲ ಹೊರೆಯನ್ನೂ ಹೊರುವುದರಿಂದ ಪ್ರವಾಹ ಮಿತಿಮೀರಿ ಸುರುಳಿಯು ಸುಟ್ಟುಹೋಗುವುದು. ಫೇಸು ತಪ್ಪಿದಾಗ ತಾನಾಗಿ ನಿಲ್ಲಿಸುವ ಸಾಧನವು ಸ್ಟಾರ್ಟರಿನಲ್ಲಿ ಇರಲೇಬೇಕು. ಮೂರು ಫೇಸು ಇಲ್ಲದ ವೇಳೆಯಲ್ಲಿ ಕಂಡೆನ್ಸರನ್ನು ಕಟ್ಟಿ ಒಂದೇ ಫೇಸಿನಲ್ಲಿ ಮೂರು ಫೇಸಿನ ಮೋಟಾರನ್ನು ಓಡಿಸುವ ರೂಢಿಯೊಂದು ಕೆಲವು ಕಡೆ ಬೆಳೆದಿದೆ. ಇದರಿಂದ ಒಬ್ಬನ ಮೋಟಾರಿಗೆ ಮಾತ್ರವಲ್ಲ, ಒಂದೇ ಫೇಸಿನ ಮೇಲೆ ಹೊರೆಬಿದ್ದ ಟಿ. ಸಿ.ಗೂ ಕೇಡು, ಟಿ. ಸಿ. ಸುಟ್ಟರೆ ಊರಿನ ಬೆಳೆಯೆಲ್ಲಾ ಬಾಡುವುದು. ಈ ಜಗಳ ಪಂಚಾಯಿತಿಯ ಕಟ್ಟೆಗೆ ಬರುವುದಕ್ಕೆ ಮುಂಚೆಯೇ ಊರಿನ ಹಿರಿಯರು ತಡೆಯುವುದು ಲೇಸು.

ಇಷ್ಟೆಲ್ಲಾ ಗೆದ್ದ ಪರ್ಯಾಯ ಪ್ರವಾಹದ ಎದುರಿಗೆ ಏಕಮುಖ ಪ್ರವಾಹವು ಈಗ ಎರಡು ಕಡೆಯಿಂದ ಮರಳಿ ಬಂದಿದೆ. ಒಂದು ಕಡೆ ಅತಿ ದೊಡ್ಡದಾಗಿ. ಒಡಿಶಾದ ತಾಲ್ಚೇರಿನಿಂದ ಹೊಸಕೋಟೆಯ ಪಕ್ಕದ ಕೋಲಾರ ಜಿಲ್ಲೆಗೆ ಸಾವಿರದ ಮುನ್ನೂರು ಕಿಲೋಮೀಟರಿಗೂ ಮೀರಿದ ಒಂದು ಲೈನು ೨೦೦೩ರಿಂದ ನಡೆಯುತ್ತಿರುವುದು. ಅದು ಐದು ಲಕ್ಷ ವೋಲ್ಟಿನ ಏಕಮುಖ ಪ್ರವಾಹ. ೨,೦೦೦ ಮೆಗಾವಾಟಿನ ಶಕ್ತಿಯನ್ನು ತರುವುದಕ್ಕಾಗಿ ಕಟ್ಟಿದ್ದು. ಅಷ್ಟು ದೂರಕ್ಕೆ ಪರ್ಯಾಯ ಪ್ರವಾಹವನ್ನು ಕಳುಹಿಸಿದರೆ ತಂತಿಯೇ ಪ್ರವಾಹದ ಒಂದಂಶವನ್ನು ತನ್ನ ಹಿಂದುಮುಂದಿನ ಆಟಕ್ಕೆ ನುಂಗುವುದು. ಇನ್ನೊಂದು ಕಾರಣವೂ ಇದ್ದಿತು. ದಕ್ಷಿಣದ ವಿದ್ಯುಜ್ಜಾಲವೂ ಉತ್ತರದ್ದೂ ಆಗ ಒಂದೇ ತಾಳಕ್ಕೆ ನಡೆಯುತ್ತಿರಲಿಲ್ಲ. ತಾಳ ಕೂಡದ ಎರಡು ಪರ್ಯಾಯ ಪ್ರವಾಹಗಳನ್ನು ನೇರವಾಗಿ ಜೋಡಿಸುವುದು ಅಪಾಯಕರ. ಏಕಮುಖ ಪ್ರವಾಹಕ್ಕೆ ತಾಳವೇ ಇಲ್ಲವಾದ್ದರಿಂದ ಅದು ಸೇತುವೆಯಾಯಿತು. ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ ಎರಡು ಜಾಲಗಳೂ ಒಂದೇ ತಾಳಕ್ಕೆ ಸೇರಿದುದು ೨೦೧೩ನೆಯ ಡಿಸೆಂಬರ್ ೩೧ರಂದು. ಟ್ರಾನ್ಸ್‌ಫಾರ್ಮರು ಮಾಡಲಾರದ ಕೆಲಸವನ್ನು ಕೋಲಾರದಲ್ಲಿ ಮಾಡತಕ್ಕದ್ದು ಅರೆವಾಹಕಗಳ ಕೊಂಡಿಗಳು; ಎಡಿಸನ್ನನ ಕಾಲದಲ್ಲಿ ಇವು ಇದ್ದಿದ್ದರೆ ವಾದವು ಬೇರೆ ರೀತಿಯಲ್ಲಿ ಮುಗಿಯುತ್ತಿತ್ತೋ ಏನೋ.

ಇನ್ನೊಂದು ಕಡೆ ಬಂದಿರುವುದು ತೋಟದ ಬದುವಿನ ಮೇಲೆ, ಬಿಸಿಲಿನ ಫಲಕದ ರೂಪದಲ್ಲಿ. ಕೇಂದ್ರ ಸರ್ಕಾರವು ೨೦೧೯ರಲ್ಲಿ ಆರಂಭಿಸಿದ ಪಿ. ಎಂ. ಕುಸುಮ್ ಯೋಜನೆಯ ಮೂಲಕ ಇಂಥಾ ಪಂಪುಗಳಿಗೆ ಸಹಾಯಧನ ದೊರೆಯುವುದು. ಫಲಕವು ಕೊಡುವುದು ಏಕಮುಖ ಪ್ರವಾಹವನ್ನೇ. ಆಮೇಲೆ ದಾರಿ ಎರಡು. ಒಂದರಲ್ಲಿ ನಿಯಂತ್ರಕವು ಅದನ್ನು ಮೂರು ಫೇಸಿನ ಪರ್ಯಾಯ ಪ್ರವಾಹವನ್ನಾಗಿ ಮಾಡಿ ಸಾಧಾರಣ ಮೋಟಾರಿಗೆ ಕೊಡುವುದು: ಇದು ಎ. ಸಿ. ಪಂಪು. ಇನ್ನೊಂದರಲ್ಲಿ ಸ್ಥಿರವಾದ ಅಯಸ್ಕಾಂತವುಳ್ಳ ಮೋಟಾರಿರುವುದು: ಇದು ಡಿ. ಸಿ. ಪಂಪು. ಈಗ ಮಾರುವ ಡಿ. ಸಿ. ಪಂಪುಗಳಲ್ಲಿ ಬಹುಪಾಲಿನೊಳಗೂ ನಿಯಂತ್ರಕವು ಪ್ರವಾಹವನ್ನು ಸುರುಳಿಯಿಂದ ಸುರುಳಿಗೆ ಸರದಿಯಂತೆ ತಿರುಗಿಸುತ್ತಲೇ ಇರುವುದೆಂಬುದನ್ನು ವ್ಯಾಪಾರಿಗಳು ಹೇಳುವುದಿಲ್ಲ. ಭೇದವು ಮುಖ್ಯವಾಗಿ ಮೋಟಾರಿನ ರಚನೆಯಲ್ಲಿದೆ.

ಅಯಸ್ಕಾಂತದ ಮೋಟಾರು ಕಾಂತಶಕ್ತಿಯನ್ನು ಹುಟ್ಟಿಸುವುದಕ್ಕಾಗಿ ಪ್ರವಾಹವನ್ನು ವ್ಯಯಮಾಡುವುದಿಲ್ಲವಾಗಿ, ಅಷ್ಟೇ ಫಲಕಗಳಿಂದ ಸ್ವಲ್ಪ ಹೆಚ್ಚು ನೀರನ್ನು ಕೊಡುವುದು. ಆದರೆ ಅದು ಕೆಟ್ಟರೆ ಕಂಪನಿಯ ಮನುಷ್ಯನನ್ನು ಕಾಯಬೇಕು. ಸಾಧಾರಣ ಮೋಟಾರು ಸುಟ್ಟರೆ ಹತ್ತಿರದ ಪೇಟೆಯಲ್ಲಿಯೇ ತಂತಿ ಸುತ್ತಿಸಿ ಎರಡು ಮೂರು ದಿನಗಳಲ್ಲಿ ಬಾವಿಗೆ ಇಳಿಸಬಹುದು. ಹೂವು ತರಕಾರಿ ಬೆಳೆಯುವವನಿಗೆ ಬೇಸಗೆಯ ಎರಡು ವಾರಗಳ ಕಾಯುವಿಕೆಯು ಬೆಳೆಯ ನಾಶವೇ ಸರಿ. ಸರಿಯಾದ ಮೋಟಾರು ಈಗಾಗಲೇ ಬಾವಿಯಲ್ಲಿದ್ದವರು ಅದನ್ನು ಉಳಿಸಿಕೊಂಡು ಎ. ಸಿ. ಪದ್ಧತಿಯನ್ನು ಹಿಡಿಯುವುದು ಒಳ್ಳೆಯದು. ತೆರೆದ ಬಾವಿ ಅಥವಾ ಕೃಷಿಹೊಂಡದಿಂದ ಸ್ವಲ್ಪ ಎತ್ತರಕ್ಕೆ ನೀರೆತ್ತುವವರು, ರಿಪೇರಿಯ ಏರ್ಪಾಡು ಹತ್ತಿರದಲ್ಲಿದ್ದರೆ, ಡಿ. ಸಿ. ಪಂಪನ್ನು ಆರಿಸಬಹುದು.

ಯಾವುದನ್ನು ಆರಿಸಿದರೂ ಆಳದ ಲೆಕ್ಕವು ತಪ್ಪದು. ಸೆಕೆಂಡಿಗೆ ಒಂದು ಲೀಟರು ನೀರನ್ನು ಸಾವಿರ ಅಡಿ, ಅಂದರೆ ಸುಮಾರು ೩೦೦ ಮೀಟರು ಎತ್ತುವುದಕ್ಕೆ ನೀರಿಗೇ ೨,೯೦೦ ವಾಟಿಗೂ ಮೀರಿ, ಅಂದರೆ ಸುಮಾರು ನಾಲ್ಕು ಅಶ್ವಶಕ್ತಿ, ಬೇಕು. ಪಂಪೂ ಮೋಟಾರೂ ಸೇರಿ ಅರ್ಧವನ್ನು ನುಂಗುವುವೆಂದಿಟ್ಟುಕೊಂಡರೆ ಎಂಟು ಅಶ್ವಶಕ್ತಿಯಾಯಿತು. ಹೀಗಿರುವಲ್ಲಿ ಆಳವಾದ ಬಾವಿಗೆ ಮೂರು ಅಶ್ವಶಕ್ತಿಯ ಫಲಕಗಳನ್ನು ತೋರಿಸಿ ಎರಡು ಎಕರೆಗೆ ನೀರು ಹರಿಸುವೆನೆಂದು ಹೇಳುವವನನ್ನು, ಪಂಪು ಯಾವ ಜಾತಿಯದಾದರೂ, ನಂಬತಕ್ಕದ್ದಲ್ಲ.

ಅಪಾಯದ ವಿಷಯದಲ್ಲಿ ಎರಡಕ್ಕೂ ಬೇರೆಬೇರೆ ಸ್ವಭಾವ. ಪರ್ಯಾಯ ಪ್ರವಾಹವು ಸ್ನಾಯುಗಳನ್ನು ಬಿಗಿಯಾಗಿ ಹಿಡಿಸುವುದು. ಒಂದು ಆಂಪಿಯರಿನ ನೂರನೆಯ ಒಂದು ಭಾಗ ಮೈಯಲ್ಲಿ ಹರಿದರೂ ಹಿಡಿದ ತಂತಿಯನ್ನು ಬಿಡಲಾಗದೆ ಹೋಗಬಹುದು. ಹೃದಯಕ್ಕೂ ಅದೇ ಹೆಚ್ಚು ಘಾತಕ. ಕಾಡುಹಂದಿಯ ಕಾಟಕ್ಕೆ ಬೇಸತ್ತು ತಂತಿಬೇಲಿಗೆ ಮನೆಯ ಲೈನನ್ನೇ ಸೇರಿಸುವವರು ಹಂದಿಗಿಂತ ಮೊದಲು ನೆರೆಯವರ ಮಕ್ಕಳನ್ನೂ ದನಗಳನ್ನೂ ನೆನೆಯಬೇಕು. ಇದು ಕಾನೂನಿನಲ್ಲಿ ಅಪರಾಧ. ಸರಿಯಾದ ವಿದ್ಯುದ್ಬೇಲಿಯು ಬ್ಯಾಟರಿಯಿಂದ ನಡೆಯುವ ಬೇರೆಯೇ ಸಾಧನ. ಅದು ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಪೆಟ್ಟನ್ನು ಕೊಟ್ಟು ಬಿಡುವುದು, ಹಿಡಿದುಕೊಳ್ಳುವುದಿಲ್ಲ.

ಏಕಮುಖ ಪ್ರವಾಹವು ಹಗುರವೆಂದು ಇದರಿಂದ ತಿಳಿಯಬಾರದು. ಟ್ರಾಕ್ಟರಿನ ಬ್ಯಾಟರಿಯ ೧೨ ವೋಲ್ಟನ್ನು ಮುಟ್ಟಿ ಅಭ್ಯಾಸವಾದವರು, ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಕೆಲವು ನೂರು ವೋಲ್ಟು ಇರುವುದೆಂಬುದನ್ನು ಮರೆಯುವರು. ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಬಾರಿ ಸೊನ್ನೆಯಾಗುವುದರಿಂದ ಸ್ವಿಚ್ಚನ್ನು ತೆಗೆದಾಗ ಹುಟ್ಟಿದ ಕಿಡಿಯು ತಾನಾಗಿ ಆರುವುದು. ಏಕಮುಖ ಪ್ರವಾಹಕ್ಕೆ ಆ ಸೊನ್ನೆ ಇಲ್ಲ. ಕಿಡಿಯು ಎಳೆದಷ್ಟೂ ಉದ್ದವಾಗಿ ಉರಿಯುತ್ತ ನಿಲ್ಲುವುದು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಎ. ಸಿ. ಸ್ವಿಚ್ಚನ್ನೂ ಫ್ಯೂಸನ್ನೂ ಫಲಕದ ತಂತಿಗೆ ಹಾಕಿದರೆ ಪೆಟ್ಟಿಗೆಯೇ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆಯ ಪಕ್ಕದಲ್ಲಿ ಇಂಥಾ ಪೆಟ್ಟಿಗೆಯಿದ್ದರೆ ಹೇಳಬೇಕಾದುದೇನು? ಸಾಮಾನಿನ ಮೇಲೆ ಇರುವ ಗುರುತನ್ನು ನೋಡಿಯೇ ಕೊಳ್ಳಬೇಕು: ಅಲೆಯಂತೆ ಡೊಂಕಾದ ಗೆರೆ ಪರ್ಯಾಯ ಪ್ರವಾಹಕ್ಕೆ, ನೇರವಾದ ಗೆರೆಯ ಕೆಳಗೆ ತುಂಡು ಗೆರೆಗಳು ಏಕಮುಖ ಪ್ರವಾಹಕ್ಕೆ.

ಫಲಕದ ತಂತಿಗಳ ಜೋಡಣೆಯನ್ನು ಪಂಪು ನಡೆಯುತ್ತಿರುವಾಗ ಕೀಳಬಾರದು. ಲೈನ್‌ಮನ್ನನು ಕರೆಂಟು ತೆಗೆದರೆ ಟಿ. ಸಿ.ಯ ಕೆಳಗಿನ ತಂತಿಯು ನಿರ್ಜೀವವಾಗುವುದು, ಆದರೆ ಬಿಸಿಲಿರುವವರೆಗೆ ಫಲಕವನ್ನು ಯಾರೂ ನಿಲ್ಲಿಸಲಾರರು. ಸ್ವಿಚ್ಚನ್ನು ತೆಗೆದರೂ ಫಲಕದಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಒತ್ತಡ ಇದ್ದೇ ಇರುವುದು. ಮನೆಯ ಲೈನನ್ನು ನೋಡುವ ದೀಪದ ಟೆಸ್ಟರನ್ನು ಇಲ್ಲಿ ನಂಬಲಾಗದು. ಫಲಕದ ತಂತಿಗೆ ಭೂಮಿಯೊಡನೆ ಸಂಬಂಧವಿಲ್ಲದಿದ್ದರೆ ದೀಪವು ಹೊತ್ತದೆಯೇ ಇರಬಹುದು, ಎರಡೂ ತಂತಿಗಳನ್ನು ಮುಟ್ಟಿದವನಿಗೆ ಮಾತ್ರ ಪೆಟ್ಟು ಬೀಳುವುದು. ರಿಪೇರಿಯನ್ನು ತಿಳಿದವರಿಂದ, ಫಲಕಗಳಿಗೆ ದಪ್ಪವಾದ ಟಾರ್ಪಾಲನ್ನು ಹೊದಿಸಿಯೋ ಹೊತ್ತು ಮುಳುಗಿದ ಮೇಲೆಯೋ ಮಾಡಿಸತಕ್ಕದ್ದು.